ಅಧಿಕಾರತ್ಯಾಗದ ಎರಡು ಪ್ರಸಂಗಗಳು: ಕೀರ್ತಿಶೇಷ ಸರ್ ಎಂ. ವಿಶ್ವೇಶ್ವರಯ್ಯನವರ ಚರಿತ್ರೆಯಿಂದ

ರಾಜಸೇವೆಯನ್ನು ಬೇಡಿ ಬರುವವರನ್ನು ಲೋಕವು ಎಲ್ಲ ಕಾಲದಲ್ಲಿಯೂ ಕಂಡಿದೆ; ಅದರ ಶಿಖರವನ್ನು ಏರಿ ಕುಳಿತಮೇಲೆ, ಕೈಕಾಲು ಗಟ್ಟಿಯಾಗಿರುವಾಗಲೇ, ತಾನಾಗಿ ಇಳಿದುಬಂದವರನ್ನು ಕಂಡಿರುವುದು ವಿರಳ. ಸಂಬಳ, ಸವಾರಿ, ಜವಾನರ ಕೈಮುಗಿತ, ವೃದ್ಧಾಪ್ಯಕ್ಕೆ ಪಿಂಚಣಿ, ಇವು ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕುವ ಹಗ್ಗಗಳು. ಹೀಗಿರಲು, ಹಿರಿಯ ಅಧಿಕಾರಿಯೊಬ್ಬನು ಸರ್ಕಾರದ ಕೆಲಸವನ್ನು ಬಿಟ್ಟನೆಂಬ ವಾರ್ತೆ ಬಂದೊಡನೆ ಜನರು ಕಾರಣವನ್ನು ತಮಗೆ ತೋರಿದಂತೆ ಕಲ್ಪಿಸಿಕೊಳ್ಳುವರು. ಬೇರೆ ಕಡೆ ಹೆಚ್ಚಿನ ಸಂಬಳ ದೊರೆತಿರಬೇಕೆಂದು ಒಬ್ಬರು, ದೇಹಾರೋಗ್ಯ ಕೆಟ್ಟಿರಬೇಕೆಂದು ಇನ್ನೊಬ್ಬರು, ಲೆಕ್ಕದಲ್ಲಿ ಏನೋ ತೊಡಕಿರಬೇಕೆಂದು ಮತ್ತೊಬ್ಬರು. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಒಂದಲ್ಲ ಎರಡು ಸಲ ಉನ್ನತಾಧಿಕಾರವನ್ನು ಬಿಟ್ಟು ಬಂದ ಮಹನೀಯರು. ಎರಡು ಸಲವೂ ಈ ಮೂರು ಕಾರಣಗಳಲ್ಲಿ ಒಂದೂ ಅಲ್ಲಿರಲಿಲ್ಲ.

ಅವರು ದಿವಾನಗಿರಿಗೆ ರಾಜೀನಾಮೆ ಕೊಡಲು ಸರ್ಕಾರದ ಮೋಟಾರಿನಲ್ಲಿ ಅರಮನೆಗೆ ಹೋಗಿ, ಕೊಟ್ಟಮೇಲೆ ತಮ್ಮ ಸ್ವಂತ ಮೋಟಾರಿನಲ್ಲಿ ಮನೆಗೆ ಮರಳಿದರೆಂಬ ಕಥೆಯನ್ನು ನಮ್ಮ ನಾಡಿನ ಮೇಷ್ಟರುಗಳು ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಕಥೆ ಸೊಗಸಾಗಿದೆ. ಆದರೆ ಆ ಮೋಟಾರು ಯಾವುದೆಂಬುದನ್ನು ಬಲ್ಲವರು ಸಾವಿರ ಮಂದಿಯಾದರೆ, ಅದು ಆ ದಿನ ಅರಮನೆಗೆ ಏಕೆ ಹೋಯಿತೆಂಬುದನ್ನು ಬಲ್ಲವರು ನೂರು ಮಂದಿಯೂ ಇರಲಾರರು. ಆ ಕಾರಣಕ್ಕೂ ನಮ್ಮ ಸಮಾಜದ ಹಿರಿಯರು ಅಂದು ನಡೆಸಿದ ಪ್ರಯತ್ನಕ್ಕೂ ನೇರವಾದ ಸಂಬಂಧವಿದೆ. ಅದನ್ನು ಮುಚ್ಚಿಟ್ಟು ಹೊಗಳುವುದು ಆ ಮಹನೀಯರಿಗೂ ಗೌರವವಲ್ಲ, ನಮ್ಮ ಹಿರಿಯರಿಗೂ ಗೌರವವಲ್ಲ. ಆದುದರಿಂದ ಈ ಮಹೋತ್ಸವದ ಸಂಪುಟದಲ್ಲಿ ಅವರ ಚರಿತ್ರೆಯನ್ನು ಆ ಎರಡು ನಿರ್ಗಮನಗಳ ಸುತ್ತಲೂ ಹೇಳಬಯಸುತ್ತೇವೆ.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿಗೆ ಬಂದು, ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದನು. ಮೈಸೂರು ಸರ್ಕಾರವು ಕೊಟ್ಟ ವಿದ್ಯಾರ್ಥಿವೇತನದಿಂದ ಪುಣೆಯ ಸೈನ್ಸ್ ಕಾಲೇಜಿಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿ, ಮರುವರ್ಷ ಮುಂಬಯಿ ಸರ್ಕಾರದ ಮರಾಮತ್ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರಾಗಿ ನೇಮಕಗೊಂಡನು. ಸರ್ಕಾರದ ಹಣದಿಂದ ಓದಿದೆನೆಂಬ ಋಣಬುದ್ಧಿ ಅವರಲ್ಲಿ ಕೊನೆಯವರೆಗೂ ಉಳಿದಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಬಡ ಮನೆಯ ಹುಡುಗನಿಗೆ ವಿದ್ಯೆಯೊಂದೇ ಏಣಿ ಎಂಬ ಅವರ ನಂಬಿಕೆ ಪುಸ್ತಕದಿಂದ ಬಂದುದಲ್ಲ, ಸ್ವಾನುಭವದಿಂದ ಬಂದುದು. ಮುಂದಿನ ವಿವಾದದಲ್ಲಿ ಅವರು ಹಿಡಿದ ಪಕ್ಷವನ್ನು ತಿಳಿಯುವುದಕ್ಕೆ ಇದು ಅಗತ್ಯ.

ಮುಂಬಯಿಯಲ್ಲಿ ಅವರು ಕಳೆದುದು 24 ವರ್ಷ. ಆ ಪ್ರಾಂತವು ಆಗ ಸಿಂಧ್ ದೇಶವನ್ನೂ ಏಡನ್ ಬಂದರನ್ನೂ ಒಳಗೊಂಡಿತ್ತು. ಖಾನದೇಶದಲ್ಲಿ ನಾಲೆಯೊಂದರ ಕೆಳಗೆ ಕೊಳವೆ ಹಾಯಿಸುವುದು ಅವರ ಮೊದಲ ಕೆಲಸಗಳಲ್ಲಿ ಒಂದು. ಮಳೆಗಾಲವು ಅಡ್ಡಬಂದಿತು, ಕೆಲಸವನ್ನು ಮುಂದಕ್ಕೆ ಹಾಕಲು ಅನುಮತಿ ಬೇಡಿದ ಎಳೆಯ ಅಧಿಕಾರಿಯ ಮೇಲೆ ಮೇಲಧಿಕಾರಿ ಅಸಮಾಧಾನಗೊಂಡನು, ಇವರು ಮತ್ತೆ ವಾದಿಸದೆ ಮಳೆ ಪ್ರವಾಹಗಳ ನಡುವೆಯೇ ಕೆಲಸವನ್ನು ಮುಗಿಸಿದರು. ಮೇಲಿನವನ ಮಾತು ಮನಸ್ಸಿಗೆ ಒಗ್ಗದಿದ್ದರೂ ಕೆಲಸವು ಕೆಡಬಾರದೆಂಬುದು ಅವರ ನಡತೆಯಾಗಿತ್ತು. ಸಣ್ಣ ಮುನಿಸುಗಳಿಗೆ ರಾಜೀನಾಮೆ ಕೊಡುವ ಸ್ವಭಾವ ಅವರದಾಗಿದ್ದರೆ ಅವರ ಉದ್ಯೋಗವು ಮೊದಲ ವರ್ಷದಲ್ಲಿಯೇ ಮುಗಿಯುತ್ತಿತ್ತು.

ಬಳಿಕ ಸಿಂಧೂನದಿಯ ದಡದ ಸಕ್ಕರ್ ಪಟ್ಟಣಕ್ಕೆ ಶುದ್ಧವಾದ ಕುಡಿಯುವ ನೀರು ಒದಗಿಸಿದುದು, ದಖ್ಖನದ ನಾಲೆಗಳ ಕೆಳಗೆ ನೀರನ್ನು ಹಳ್ಳಿಹಳ್ಳಿಗೆ ಸಮನಾಗಿ ಹಂಚುವ ಬ್ಲಾಕ್ ಪದ್ಧತಿಯನ್ನು 1899ರಲ್ಲಿ ರಚಿಸಿದುದು, 1906ರಲ್ಲಿ ಏಡನ್ನಿಗೆ ಹೋಗಿ ಅಲ್ಲಿಯ ನೀರು ಮತ್ತು ಚರಂಡಿಗಳ ವ್ಯವಸ್ಥೆಗೆ ಸಲಹೆಯಿತ್ತುದು, ಇವೆಲ್ಲ ಅವರ ಹೆಸರನ್ನು ಬೆಳಸಿದವು. ಪುಣೆಯ ಬಳಿಯ ಖಡಕವಾಸಲೆಯ ಜಲಾಶಯದಲ್ಲಿ 1903ರಲ್ಲಿ ಅವರು ಕೂರಿಸಿದ ಸ್ವಯಂಚಾಲಿತ ಬಾಗಿಲುಗಳ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಕೆರೆ ತುಂಬಿದಮೇಲೆ ಕೋಡಿಯ ಮೇಲೆ ಹರಿದುಹೋಗುತ್ತಿದ್ದ ನೀರನ್ನು, ಕಟ್ಟೆಯನ್ನು ಎತ್ತರಿಸದೆಯೇ, ಕೋಡಿಯ ಮೇಲೆ ಬಾಗಿಲು ಜೋಡಿಸಿ ಹಲವು ಅಡಿ ಹೆಚ್ಚಾಗಿ ನಿಲ್ಲಿಸುವುದು ಅದರ ಉಪಾಯ. ಪ್ರವಾಹವು ಅಳತೆ ಮೀರಿದೊಡನೆ, ಯಾರ ಕೈಯೂ ಸೋಕದೆ, ಬಾಗಿಲುಗಳು ತಾವಾಗಿ ತೆರೆದುಕೊಂಡು ನೀರಿಗೆ ಹಾದಿ ಬಿಡುವುವು; ಪ್ರವಾಹವಿಳಿದರೆ ಮತ್ತೆ ಮುಚ್ಚಿಕೊಳ್ಳುವುವು. ಇದೇ ತತ್ತ್ವವು ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಬಳಕೆಗೆ ಬಂದಿತು.

ಇಷ್ಟು ಕೀರ್ತಿ ಬಂದಿರುವಾಗ 1908ರಲ್ಲಿ ಅವರು ಮುಂಬಯಿಯ ಸೇವೆಯನ್ನು ಬಿಡಲು ನಿಶ್ಚಯಿಸಿದರು. ವಯಸ್ಸು ಇನ್ನೂ 47. ಕಾರಣವನ್ನು ಅವರು ಮರೆಮಾಡಲಿಲ್ಲ. ಹಲವು ಮಂದಿ ಹಿರಿಯರನ್ನು ದಾಟಿ ಅವರಿಗೆ ಬಡ್ತಿ ದೊರೆತಿತ್ತು. ದಾಟಿಸಲ್ಪಟ್ಟವರ ಮನಸ್ಸು ಕಹಿಯಾಗಿದ್ದುದು ಸಹಜ. ಅದಕ್ಕಿಂತ ಮುಖ್ಯವಾಗಿ, ಅವರ ಮೇಲೆ ಉಳಿದಿದ್ದುದು ಚೀಫ್ ಇಂಜಿನಿಯರ ಪದವಿಯೊಂದೇ. ಆ ಪದವಿಯು ಆ ಕಾಲದಲ್ಲಿ ಭಾರತೀಯನಿಗೆ ದೊರೆಯುವ ಸಂಭವವೇ ಇರಲಿಲ್ಲ. ಯೋಗ್ಯತೆಯನ್ನು ಒಪ್ಪಿದ್ದರು, ಪ್ರಶಂಸೆಯ ಪತ್ರಗಳನ್ನು ಬರೆದಿದ್ದರು, ಕೈಸರ್-ಇ-ಹಿಂದ್ ಪದಕವನ್ನೂ ಕೊಟ್ಟಿದ್ದರು; ಬಾಗಿಲನ್ನು ಮಾತ್ರ ತೆರೆಯಲಿಲ್ಲ. ಇಂಥ ಬಾಗಿಲಿನ ಮುಂದೆ ಪಿಂಚಣಿಯ ದಿನವನ್ನು ಎಣಿಸುತ್ತ ಕುಳಿತಿರುವವರು ಎಲ್ಲ ಇಲಾಖೆಗಳಲ್ಲಿಯೂ ಇರುತ್ತಾರೆ. ಅವರಲ್ಲಿ ಕೆಲವರು ಕ್ರಮೇಣ ಕೆಲಸವನ್ನು ಮರೆತು ಕುಳಿತಿರುವುದನ್ನೇ ಉದ್ಯೋಗವಾಗಿ ಮಾಡಿಕೊಳ್ಳುತ್ತಾರೆ. ವಿಶ್ವೇಶ್ವರಯ್ಯನವರಿಗೆ ಅದು ಸಾಧ್ಯವಿರಲಿಲ್ಲ. ಅವರು ಎದ್ದು ಹೊರಟರು.

ಹೊರಟವರು ಯೂರೋಪಿನ ಪ್ರವಾಸದಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂದಿತು. 1908ರ ಸೆಪ್ಟೆಂಬರ್ 28ರಂದು ಮೂಸೀ ನದಿಯು ಉಕ್ಕಿ ಆ ನಗರದ ಸಾವಿರಾರು ಜನರನ್ನು ನುಂಗಿತ್ತು. ಮರುವರ್ಷ ಅಲ್ಲಿಗೆ ಹೋದ ಅವರು, ನಗರದ ಮೇಲ್ಗಡೆ ಮೂಸೀ ಈಸೀ ನದಿಗಳಿಗೆ ಒಂದೊಂದು ಜಲಾಶಯವನ್ನು ಕಟ್ಟಿ ಪ್ರವಾಹವನ್ನು ಅಲ್ಲಿಯೇ ತಡೆಯಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರ ಹಿಮಾಯತ್ ಸಾಗರಗಳು ಆ ಸೂಚನೆಯ ಫಲಗಳು. ಅಷ್ಟರಲ್ಲಿ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು ಅವರನ್ನು ಚೀಫ್ ಇಂಜಿನಿಯರರಾಗಿ ಆಹ್ವಾನಿಸಿತು. ಮುಂಬಯಿಯು ಹುಟ್ಟಿನ ಕಾರಣದಿಂದ ಕೊಡಲಾರದೆ ಹೋದ ಪದವಿಯನ್ನು ಹುಟ್ಟಿದ ನಾಡು ಕರೆದು ಕೊಟ್ಟಿತು. 1909ರ ನವೆಂಬರಿನಲ್ಲಿ ಅಧಿಕಾರವನ್ನು ವಹಿಸಿಕೊಂಡರು. ಮೂರು ವರ್ಷಗಳ ಬಳಿಕ, 1912ರಲ್ಲಿ, ದಿವಾನರಾದರು. ಆ ಸಂದರ್ಭದಲ್ಲಿ ನಂಟರಿಷ್ಟರನ್ನು ಊಟಕ್ಕೆ ಕರೆದು, ತಮ್ಮ ಬಳಿ ಯಾರೂ ಶಿಫಾರಸಿಗೆ ಬರಬಾರದೆಂದು ಮಾತು ತೆಗೆದುಕೊಂಡಮೇಲೆಯೇ ಪದವಿಯನ್ನು ಒಪ್ಪಿದರೆಂದು ಹೇಳುತ್ತಾರೆ.

ಆರು ವರ್ಷಗಳ ದಿವಾನಗಿರಿಯ ಕಾರ್ಯಗಳನ್ನು ಬರೆಯಹೊರಟರೆ ಈ ಸಂಪುಟವೇ ಸಾಲದು. 1911ರಲ್ಲಿ ಮೊದಲಾದ ಕನ್ನಂಬಾಡಿಯ ಕಟ್ಟೆಯ ಕೆಲಸವು ಅವರ ಕಾಲದಲ್ಲಿ ಮುಂದುವರಿಯಿತು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಶ್ರೀಗಂಧದೆಣ್ಣೆಯ ಕಾರ್ಖಾನೆ, ಸಾಬೂನಿನ ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆರಂಭ ಇವು ಕೆಲವು. ಹಳ್ಳಿಗಳಲ್ಲಿ ಶಾಲೆಗಳು ಹೆಚ್ಚಿದವು; ಹಿಂದುಳಿದ ಕೋಮುಗಳ ಮಕ್ಕಳಿಗೆ ವಿದ್ಯಾರ್ಥಿವೇತನಗಳು ಏರ್ಪಟ್ಟವು. ಯುದ್ಧದ ದಿನಗಳಲ್ಲಿ, ಹಣವೂ ಯಂತ್ರಗಳೂ ದುರ್ಲಭವಾಗಿದ್ದಾಗ ಇಷ್ಟು ನಡೆಯಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಇಂಥವರು 1918ರಲ್ಲಿ ಏಕೆ ಹೊರಟರು?

ಮೈಸೂರು ಸಂಸ್ಥಾನದ ಕಛೇರಿಗಳ ಸ್ಥಿತಿಯನ್ನು ಮೊದಲು ಹೇಳಬೇಕು. ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಕೊನೆಯ ದಶಕದಲ್ಲಿ ಉನ್ನತ ಹುದ್ದೆಗಳಿಗೆ ಸ್ಪರ್ಧಾಪರೀಕ್ಷೆಯು ಏರ್ಪಟ್ಟಿತ್ತು. ನಿಯಮದಲ್ಲಿ ಯಾರಿಗೂ ತಡೆಯಿರಲಿಲ್ಲ. ಆದರೆ ಇಂಗ್ಲಿಷ್ ವಿದ್ಯೆಯು ಮೊದಲು ಹೊಕ್ಕುದು ಪಟ್ಟಣಗಳ ಬ್ರಾಹ್ಮಣ ಮನೆಗಳಿಗೆ. ಅದರಿಂದ ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತಿದ್ದವರೂ, ತಾಲ್ಲೂಕು ಕಛೇರಿಯ ಗುಮಾಸ್ತರಿಂದ ಹಿಡಿದು ಮೇಲಿನವರೆಗೆ ತುಂಬಿದ್ದವರೂ ಬಹುಮಟ್ಟಿಗೆ ಆ ಒಂದು ವರ್ಗದವರೇ. ಕಂದಾಯವನ್ನು ಕೊಡುತ್ತಿದ್ದ ಒಕ್ಕಲಿಗ ಲಿಂಗಾಯತ ರೈತನು, ಸಂತೆಯಲ್ಲಿ ತೆರಿಗೆ ಕಟ್ಟುತ್ತಿದ್ದ ಬಣಜಿಗನು, ಪಟ್ಟಣದ ಮುಸಲ್ಮಾನ ವ್ಯಾಪಾರಿಯು ಕಛೇರಿಯ ಕಟ್ಟೆಯ ಕೆಳಗೆ ನಿಂತವರು. ಕಟ್ಟೆಯ ಮೇಲೆ ಕುಳಿತವರಲ್ಲಿ ತಮ್ಮವರೆಂಬ ಮುಖವನ್ನು ಕಾಣುವುದು ಅವರಿಗೆ ಅಪರೂಪವಾಗಿತ್ತು. ಈ ಕೊರತೆಯನ್ನು ನಮ್ಮವರು ಮೊದಲು ವಿದ್ಯೆಯಿಂದಲೇ ತುಂಬಿಕೊಳ್ಳಲು ಯತ್ನಿಸಿದರು. 1905ರಲ್ಲಿ ಲಿಂಗಾಯತ ವಿದ್ಯಾನಿಧಿಯ ಸಂಘವೂ, ಮರುವರ್ಷ ಒಕ್ಕಲಿಗರ ಸಂಘವೂ ಹುಟ್ಟಿದವು. ವಿದ್ಯಾರ್ಥಿನಿಲಯಗಳು ಏರ್ಪಟ್ಟವು, ಮಠಗಳು ಅನ್ನ ನೀಡಿದವು. ಓದಿ ಬಂದ ಹುಡುಗರು ಅರ್ಜಿ ಹಿಡಿದು ಕಛೇರಿಯ ಬಾಗಿಲಿಗೆ ಹೋದಾಗ, ಒಳಗಿದ್ದವರು ತಮ್ಮವರನ್ನೇ ಕರೆದುಕೊಳ್ಳುತ್ತಾರೆಂಬ ದೂರು ಎಲ್ಲೆಡೆಯೂ ಕೇಳಿಬಂದಿತು. 1917ರಲ್ಲಿ ಈ ಕೋಮುಗಳ ಮುಖಂಡರು ಸೇರಿ ಪ್ರಜಾಮಿತ್ರ ಮಂಡಲಿಯನ್ನು ಸ್ಥಾಪಿಸಿದರು. ನಮ್ಮವರೇ ಆದ ವಕೀಲ ಎಂ. ಬಸವಯ್ಯನವರು ಅದರ ಮುಂದಾಳುಗಳಲ್ಲಿ ಒಬ್ಬರು. 1918ರಲ್ಲಿ ಮಂಡಲಿಯು ಮಹಾರಾಜರ ಸನ್ನಿಧಿಗೆ ತನ್ನ ಬಿನ್ನಹವನ್ನು ಒಪ್ಪಿಸಿತು: ಸರ್ಕಾರದ ಹುದ್ದೆಗಳಲ್ಲಿ ಹಿಂದುಳಿದ ಕೋಮುಗಳಿಗೆ ತಕ್ಕ ಪಾಲು ದೊರೆಯಬೇಕು.

ಮಹಾರಾಜರು ಬಿನ್ನಹವನ್ನು ಆದರದಿಂದ ಕೇಳಿದರು. ಅದೇ ವರ್ಷ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನರಿಗೆ ಈ ಮಾರ್ಗವು ಒಪ್ಪಿಗೆಯಾಗಲಿಲ್ಲ. ಅವರ ಎಣಿಕೆಯಲ್ಲಿ ಹಿಂದುಳಿದವರನ್ನು ಮೇಲೆತ್ತುವ ಸಾಧನವು ಶಾಲೆ, ವಿದ್ಯಾರ್ಥಿವೇತನ, ಕೈಗಾರಿಕೆ. ಹುದ್ದೆಗೆ ಮಾತ್ರ ಯೋಗ್ಯತೆಯೇ ಅಳತೆಗೋಲು. ಕೋಮಿನ ಲೆಕ್ಕವು ಒಮ್ಮೆ ಕಛೇರಿಯನ್ನು ಹೊಕ್ಕರೆ ಆಡಳಿತದ ಬಿಗಿ ಸಡಿಲುವುದೆಂದೂ, ತಾವು ಹೂಡಿದ ದೊಡ್ಡ ಕಾರ್ಯಗಳು ಅರ್ಧಕ್ಕೆ ನಿಲ್ಲುವುವೆಂದೂ ಅವರು ಭಯಪಟ್ಟರು. ಅರಮನೆಯ ಬಂಧುಗಳೂ ಆಡಳಿತದಲ್ಲಿ ಅನುಭವಿಗಳೂ ಆಗಿದ್ದ ಸರದಾರ್ ಕಾಂತರಾಜ ಅರಸಿನವರು ಬೇರೆ ಕೋಮುಗಳ ಬೇಡಿಕೆಗೆ ಸಹಾನುಭೂತಿಯುಳ್ಳವರು. ಪ್ರಭುವಿನ ಸಂಕಲ್ಪವು ಒಂದು ಕಡೆ, ಮಂತ್ರಿಯ ಸಿದ್ಧಾಂತವು ಇನ್ನೊಂದು ಕಡೆ. ಒಬ್ಬರಿಗೊಬ್ಬರು ಗೌರವವುಳ್ಳವರ ನಡುವೆ ಬಿದ್ದ ಬಿರುಕಾದುದರಿಂದ ಅದು ಇನ್ನಷ್ಟು ನೋವಿನದು.

ಮಂತ್ರಿಯಾದವನಿಗೆ ಆಗ ಮೂರು ದಾರಿಗಳು. ಸಮಿತಿಯನ್ನು ಕಾಗದಪತ್ರಗಳಲ್ಲಿ ಸುತ್ತಿ ಸುತ್ತಿ ವರ್ಷಗಟ್ಟಲೆ ತಡೆಯಬಹುದು. ಈ ವಿದ್ಯೆಯನ್ನು ಬಲ್ಲ ಅಧಿಕಾರಿಗಳು ಯಾವ ಕಾಲದಲ್ಲಿಯೂ ಕಡಿಮೆಯಲ್ಲ. ಇಲ್ಲವೆ, ಮನಸ್ಸಿನಲ್ಲಿ ಒಪ್ಪದೆ ಬಾಯಲ್ಲಿ ಒಪ್ಪಿ ಪದವಿಯನ್ನು ಉಳಿಸಿಕೊಳ್ಳಬಹುದು. ಮೂರನೆಯದು, ಒಪ್ಪಿಗೆಯಿಲ್ಲದ ಆಜ್ಞೆಯನ್ನು ನಡೆಸುವ ಕೈ ತನ್ನದಾಗಬಾರದೆಂದು ದಾರಿ ಬಿಡುವುದು. ವಿಶ್ವೇಶ್ವರಯ್ಯನವರು ಮೂರನೆಯದನ್ನು ಆರಿಸಿಕೊಂಡರು. 1918ರ ಡಿಸೆಂಬರಿನಲ್ಲಿ ದಿವಾನಗಿರಿಯನ್ನು ಬಿಟ್ಟರು. ಕಾಂತರಾಜ ಅರಸಿನವರು ಆ ಪೀಠಕ್ಕೆ ಬಂದರು. ಬಿಟ್ಟಮೇಲೆ ಪತ್ರಿಕೆಗಳಲ್ಲಿ ಪ್ರಭುವಿನ ಮೇಲೆ ದೂರು ಹೊರಿಸಲಿಲ್ಲ, ಪಕ್ಷ ಕಟ್ಟಲಿಲ್ಲ, ಹೊಸ ದಿವಾನರ ಕೆಲಸಕ್ಕೆ ಕಲ್ಲು ಹಾಕಲಿಲ್ಲ. ಜಪಾನ್ ಅಮೆರಿಕ ಯೂರೋಪುಗಳ ಸಂಚಾರಕ್ಕೆ ಹೊರಟುಹೋದರು.

ಮಿಲ್ಲರ್ ಸಮಿತಿಯು 1919ರಲ್ಲಿ ವರದಿಯನ್ನು ಒಪ್ಪಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲೆರಡು ಪಾಲೂ ಹಿಂದುಳಿದ ಕೋಮಿನವರ ಕೈಗೆ ಬರಬೇಕೆಂಬುದು ಅದರ ಸಾರ. 1921ರಲ್ಲಿ ಸರ್ಕಾರದ ಆಜ್ಞೆಯಾಯಿತು. ಅದರಿಂದ ನಮ್ಮ ಮನೆಗಳ ಎಷ್ಟು ಹುಡುಗರು ಅಮಲ್ದಾರರೂ ಮುನ್ಸೀಫರೂ ಉಪಾಧ್ಯಾಯರೂ ಆದರೆಂಬುದನ್ನು ಈ ಸಂಪುಟವನ್ನೋದುವ ಹಿರಿಯ ಕುಟುಂಬಗಳು ತಮ್ಮ ಮನೆಯ ಗೋಡೆಯ ಮೇಲಿನ ಚಿತ್ರಪಟಗಳಿಂದಲೇ ಬಲ್ಲವು. ಸಂಸ್ಥಾನದ ಆಡಳಿತವು ಅದರಿಂದ ಕುಸಿಯಲಿಲ್ಲ. ಕೃಷ್ಣರಾಜಸಾಗರವೂ ಕಾಲಕ್ರಮದಲ್ಲಿ ತುಂಬಿತು, ಭದ್ರಾವತಿಯ ಕುಲುಮೆಯೂ 1923ರಲ್ಲಿ ಉರಿಯಿತು. ದಿವಾನರ ಭಯವು ಈ ಮಟ್ಟಿಗೆ ನಿಜವಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ನಮಗೆ ತೋರುವ ಒಂದು ಮಾತನ್ನು ಸಂಕೋಚದಿಂದಲಾದರೂ ಹೇಳಬೇಕು. ಮುಂಬಯಿಯಲ್ಲಿ ಅವರನ್ನು ತಡೆದುದು ಯೋಗ್ಯತೆಯ ಕೊರತೆಯಲ್ಲ, ಹುಟ್ಟು. ಅಲ್ಲಿಯೂ ನಿಯಮದ ಪುಸ್ತಕದಲ್ಲಿ ಭಾರತೀಯರು ಬರಕೂಡದೆಂದು ಬರೆದಿರಬೇಕಾದ ಅಗತ್ಯವಿರಲಿಲ್ಲ, ವಾಡಿಕೆಯೇ ಸಾಕಾಗಿತ್ತು. ಮೈಸೂರಿನ ಕಛೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ರೈತನ ಮಗನನ್ನು ತಡೆದುದೂ ಅಂಥದೇ ವಾಡಿಕೆ. ಒಂದನ್ನು ತಮ್ಮ ಮೈಮೇಲೆ ಅನುಭವಿಸಿ ಕಂಡುಕೊಂಡ ಮಹಾಬುದ್ಧಿಯು ಇನ್ನೊಂದನ್ನು ಅದೇ ರೀತಿಯಲ್ಲಿ ಕಾಣಲಿಲ್ಲ. ಬಡತನವನ್ನು ವಿದ್ಯೆಯಿಂದ ಗೆದ್ದವರಿಗೆ ವಿದ್ಯೆಯಾದಮೇಲೂ ಉಳಿಯುವ ತಡೆ ಸುಲಭವಾಗಿ ಗೋಚರಿಸುವುದಿಲ್ಲವೆಂದು ತೋರುತ್ತದೆ. ಹಾಗೆಂದು ಅವರ ನಿರ್ಗಮನವು ಸ್ವಜಾತಿಯ ಅಭಿಮಾನದಿಂದಾದುದೆಂದು ಕೆಲವರು ಆಡುವ ಮಾತನ್ನು ನಾವು ಒಪ್ಪಲಾರೆವು. ನಂಟರಿಗೆ ಶಿಫಾರಸು ಮಾಡಲೊಲ್ಲದವರು ಜಾತಿಗಾಗಿ ದಿವಾನಗಿರಿಯನ್ನು ಬಿಡುವರೆಂದು ನಂಬುವುದು ಕಷ್ಟ. ತಪ್ಪೆಂದು ತೋರಿದುದನ್ನು ನಡೆಸಲಾರದೆ ಬಿಟ್ಟರು. ತಪ್ಪೆಂದು ತೋರಿದುದು ತಪ್ಪಾಗಿರಲಿಲ್ಲವೆಂಬುದು ನಮ್ಮ ಎಣಿಕೆ. ಈ ಎರಡು ಮಾತುಗಳೂ ಒಟ್ಟಿಗೆ ನಿಲ್ಲಬಲ್ಲವು.

ಮುಂದಿನ ಕಥೆ ಚಿಕ್ಕದಲ್ಲವಾದರೂ ಬೇಗ ಹೇಳಬಹುದು. 1920ರಲ್ಲಿ ಭಾರತದ ಪುನಾರಚನೆಯನ್ನು ಕುರಿತೂ, 1934ರಲ್ಲಿ ದೇಶದ ಆರ್ಥಿಕ ಯೋಜನೆಯನ್ನು ಕುರಿತೂ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಟಾಟಾ ಉಕ್ಕಿನ ಸಂಸ್ಥೆಯ ನಿರ್ದೇಶಕರಾಗಿ ಬಹುವರ್ಷ ದುಡಿದರು. ಭದ್ರಾವತಿಯ ಕಾರ್ಖಾನೆಯು ನಷ್ಟದಲ್ಲಿ ಮುಳುಗುತ್ತಿದ್ದಾಗ ಮಹಾರಾಜರು ಅವರನ್ನೇ ಮತ್ತೆ ನೆನೆದರು. ಅವರೂ ಹಿಂದಿನದನ್ನು ಮನಸ್ಸಿನಲ್ಲಿಡದೆ 1923ರಲ್ಲಿ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಅದನ್ನು ನಡೆಸಿದರು. ದಿವಾನಪೀಠದಲ್ಲಿ ಆಜ್ಞೆಮಾಡಿದವರು ಅದೇ ಸಂಸ್ಥಾನದ ಒಂದು ಕಾರ್ಖಾನೆಯ ಲೆಕ್ಕಪತ್ರಗಳ ಮುಂದೆ ಕುಳಿತರು. ಕಾಯಕಕ್ಕೆ ಪೀಠದ ಎತ್ತರವು ಮುಖ್ಯವಲ್ಲವೆಂದು ಬಲ್ಲ ನಮ್ಮ ಜನಕ್ಕೆ ಇದು ಹೊಸ ಮಾತಲ್ಲ. ಆದರೆ ಬಿಟ್ಟುಹೋದ ಮನೆಗೆ ಕೆಳಗಿನ ಬಾಗಿಲಿನಿಂದ ಮರಳುವ ಅಧಿಕಾರಿಗಳನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಆ ಕೆಲಸಕ್ಕಾಗಿ ಅವರಿಗೆ ಸಲ್ಲಬೇಕಾಗಿದ್ದ ಸಂಬಳವನ್ನು ಅವರು ತೆಗೆದುಕೊಂಡಿರಲಿಲ್ಲ. ಸರ್ಕಾರವು ಆ ಹಣವನ್ನು ಕೊಡಲು ಮುಂದಾದಾಗ, ಹುಡುಗರಿಗೆ ಕಸುಬುಗಳನ್ನು ಕಲಿಸುವ ವಿದ್ಯಾಸಂಸ್ಥೆಯೊಂದಕ್ಕೆ ಅದನ್ನು ವಿನಿಯೋಗಿಸಬೇಕೆಂದು ಸೂಚಿಸಿದರು. ಸಂಸ್ಥೆಗೆ ಅವರ ಹೆಸರನ್ನಿಡಬೇಕೆಂಬ ಅಭಿಪ್ರಾಯ ಬಂದಾಗ ಅದನ್ನು ಒಪ್ಪದೆ ಮಹಾರಾಜರ ಹೆಸರನ್ನಿಡಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಶ್ರೀ ಜಯಚಾಮರಾಜೇಂದ್ರ ಕಸುಬಿನ ವಿದ್ಯಾಸಂಸ್ಥೆಯೇ ಅದು. ಅದರ ತರಗತಿಗಳಲ್ಲಿ ಎಲ್ಲ ಕೋಮುಗಳ ಮಕ್ಕಳೂ ಕಲಿತು ಹೊರಬಂದರು.

1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. 1962ರ ಏಪ್ರಿಲ್ 14ರಂದು, ನೂರು ವರ್ಷಗಳನ್ನು ದಾಟಿದಮೇಲೆ, ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಅಂತ್ಯಸಂಸ್ಕಾರವು ಮುದ್ದೇನಹಳ್ಳಿಯಲ್ಲಿ ನಡೆಯಿತು.